ಇರುಳು ಕವಿಯುವ ವೇಳೆಯಲ್ಲಿ

ಕಷ್ಟಕಾಲದಲ್ಲಿ ಕ್ರೈಸ್ತರ ಸಾಯಂಪ್ರಾರ್ಥನೆ

ಹಗಲು ಎಷ್ಟೇ ಕಷ್ಟದ್ದಾಗಿರಲಿ, ಅದನ್ನು ಹೇಗೋ ಕಳೆದುಬಿಡಬಹುದು. ಕೈಗೆ ಕೆಲಸವಿರುತ್ತದೆ, ಬೀದಿಯಲ್ಲಿ ಜನರಿರುತ್ತಾರೆ, ಮಾತಿಗೆ ಮಾತು ಸಿಕ್ಕುತ್ತದೆ. ಮುಚ್ಚಂಜೆಯಾದೊಡನೆ ಸ್ಥಿತಿ ಬೇರೆಯಾಗುತ್ತದೆ. ರೋಗಿಯ ಜ್ವರ ಏರುವುದು ಆ ಹೊತ್ತಿಗೆ. ದೂರದಲ್ಲಿರುವ ಮಗನ ಚಿಂತೆ ತಾಯಿಯನ್ನು ಮುತ್ತುವುದು ಆ ಹೊತ್ತಿಗೆ. ಹಗಲೆಲ್ಲ ಅದುಮಿಟ್ಟ ಭಯ ತಲೆಯೆತ್ತುವುದೂ ಆ ಹೊತ್ತಿಗೇ. ಆದುದರಿಂದಲೇ ಇರಬೇಕು, ಮನುಷ್ಯರು ನೆಲಸಿದ ಕಡೆಯಲ್ಲೆಲ್ಲ ಸಂಜೆಗೊಂದು ಪ್ರಾರ್ಥನೆ ಹುಟ್ಟಿಕೊಂಡಿದೆ. ನಮ್ಮ ಮನೆಗಳಲ್ಲಿ ದೇವರ ಮುಂದೆ ದೀಪ ಹಚ್ಚುತ್ತಾರೆ. ಮಸೀದಿಯಿಂದ ಮಗ್ರಿಬ್‌ನ ಕರೆ ಕೇಳಿಬರುತ್ತದೆ. ಚರ್ಚಿನ ಗೋಪುರದಲ್ಲಿ ಗಂಟೆ ಮೊಳಗುತ್ತದೆ.

ಈ ಗಂಟೆಯ ಹಿಂದೆ ಸುಮಾರು ಎರಡು ಸಾವಿರ ವರ್ಷಗಳ ಚರಿತ್ರೆಯಿದೆ. ಅದರ ಬಹುಭಾಗ ನೆಮ್ಮದಿಯ ಚರಿತ್ರೆಯಲ್ಲ. ಯುದ್ಧ, ಮಹಾಮಾರಿ, ಸೆರೆವಾಸ, ಗಡೀಪಾರು ಇವುಗಳ ನಡುವೆ ಕ್ರೈಸ್ತರು ಸಂಜೆಯಾದೊಡನೆ ಮೊಣಕಾಲೂರಿದ್ದಾರೆ. ಹಾಗೆ ಪ್ರಾರ್ಥಿಸಿದ ಮಾತ್ರಕ್ಕೆ ಯುದ್ಧ ನಿಲ್ಲಲಿಲ್ಲ, ಎಲ್ಲ ರೋಗಿಗಳೂ ಬದುಕಲಿಲ್ಲ, ಸೆರೆಮನೆಯ ಬಾಗಿಲು ತೆರೆಯಲಿಲ್ಲ. ಪ್ರಾರ್ಥಿಸಿದವರಿಗೂ ಇದು ತಿಳಿದೇ ಇತ್ತು. ಹಾಗಾದರೆ ಅವರು ಬೇಡಿದ್ದಾದರೂ ಏನನ್ನು? ಮರುದಿನವೂ ಅದೇ ಹೊತ್ತಿಗೆ ಅದೇ ಮಾತುಗಳನ್ನು ಮತ್ತೆ ಹೇಳಲು ಅವರಿಗೆ ಬಲ ಬಂದದ್ದು ಎಲ್ಲಿಂದ?

ಸಂಜೆಯಿಂದ ಮೊದಲಾಗುವ ದಿನ

ಕ್ರೈಸ್ತರಿಗೆ ಸಾಯಂಪ್ರಾರ್ಥನೆ ಯೆಹೂದ್ಯರಿಂದ ಬಂದ ಬಳುವಳಿ. ಜೆರುಸಲೇಮಿನ ದೇವಾಲಯದಲ್ಲಿ ಪ್ರತಿ ಸಂಜೆಯೂ ಬಲಿಯನ್ನರ್ಪಿಸುತ್ತಿದ್ದರು, ಧೂಪ ಹಾಕುತ್ತಿದ್ದರು. ಯೆಹೂದ್ಯರ ಗಣನೆಯಲ್ಲಿ ದಿನ ಮೊದಲಾಗುವುದು ಸೂರ್ಯೋದಯದಿಂದಲ್ಲ, ಸೂರ್ಯಾಸ್ತದಿಂದ. ಬೈಬಲಿನ ಆದಿಕಾಂಡದ ಸೃಷ್ಟಿಕಥೆಯಲ್ಲಿ ಪ್ರತಿಯೊಂದು ದಿನಕ್ಕೂ ಮೊದಲು ಸಾಯಂಕಾಲ, ಆಮೇಲೆ ಪ್ರಾತಃಕಾಲ. ಕ್ರಿಸ್‌ಮಸ್ ಮತ್ತು ಈಸ್ಟರ್ ಹಬ್ಬಗಳ ಆಚರಣೆ ಇಂದಿಗೂ ಹಿಂದಿನ ದಿನದ ಸಂಜೆಯಿಂದಲೇ ಪ್ರಾರಂಭವಾಗುವುದು ಈ ಗಣನೆಯ ಗುರುತು. ಈ ಎಣಿಕೆಯಂತೆ ಕತ್ತಲೆಯು ದಿನದ ಕೊನೆಯಲ್ಲ, ಮೊದಲು. ಕಷ್ಟದಲ್ಲಿರುವವನಿಗೆ ಇದು ಸಣ್ಣ ಸಮಾಧಾನವಲ್ಲ.

ಲೂಕನ ಸುವಾರ್ತೆಯಲ್ಲಿ ಬರುವ ಒಂದು ಪ್ರಸಂಗ ಸಾಯಂಪ್ರಾರ್ಥನೆಗೆ ತನ್ನ ಛಾಯೆಯನ್ನು ಕೊಟ್ಟಿದೆ. ಯೇಸುವನ್ನು ಶಿಲುಬೆಗೇರಿಸಿದ ಮೂರನೆಯ ದಿನ. ಇಬ್ಬರು ಶಿಷ್ಯರು ಎದೆಗುಂದಿ ಜೆರುಸಲೇಮಿನಿಂದ ಎಮ್ಮಾಹು ಎಂಬ ಹಳ್ಳಿಯ ಕಡೆ ನಡೆಯುತ್ತಿದ್ದಾರೆ. ದಾರಿಯಲ್ಲಿ ಅಪರಿಚಿತನೊಬ್ಬನು ಜೊತೆಗೂಡುತ್ತಾನೆ. ಹಳ್ಳಿ ಬಂದಾಗ ಹೊತ್ತು ಇಳಿದಿರುತ್ತದೆ. ಅವನು ಮುಂದೆ ಹೋಗುವವನಂತೆ ತೋರುತ್ತಾನೆ. ಕತ್ತಲಾಯಿತು, ನಮ್ಮಲ್ಲೇ ಉಳಿದುಕೊಳ್ಳಬೇಕು ಎಂದು ಶಿಷ್ಯರು ಅವನನ್ನು ಒತ್ತಾಯಪಡಿಸುತ್ತಾರೆ. ಊಟಕ್ಕೆ ಕುಳಿತು ಅವನು ರೊಟ್ಟಿಯನ್ನು ಮುರಿದುಕೊಟ್ಟಾಗಲೇ ಅವರಿಗೆ ಗುರುತು ಸಿಕ್ಕುವುದು: ಆ ಅಪರಿಚಿತನು ಯೇಸುವೇ.

ತಮ್ಮ ದುಃಖದ ನಡುವೆಯೂ ಆ ಇಬ್ಬರು ಯೋಚಿಸಿದ್ದು ದಾರಿಹೋಕನೊಬ್ಬನ ರಾತ್ರಿಯ ಕ್ಷೇಮವನ್ನು. ಮುಂದೆ ಲಕ್ಷಾಂತರ ಜನರ ಪ್ರಾರ್ಥನೆಯಾಗಿ ಪರಿಣಮಿಸಿದ ಕೋರಿಕೆ ಮೊದಲಿಗೆ ಕೇವಲ ಅತಿಥಿಸತ್ಕಾರದ ಮಾತಾಗಿತ್ತು. ಇಂಗ್ಲೆಂಡಿನ ಬ್ರಿಕ್ಸ್‌ಹ್ಯಾಮ್ ಎಂಬ ಮೀನುಗಾರರ ಬಂದರಿನಲ್ಲಿ ಪಾದ್ರಿಯಾಗಿದ್ದು, ಕ್ಷಯರೋಗದಿಂದ ನರಳಿ 1847ರಲ್ಲಿ ತೀರಿಕೊಂಡ ಹೆನ್ರಿ ಫ್ರಾನ್ಸಿಸ್ ಲೈಟ್ ಅವರು ಈ ಪ್ರಸಂಗವನ್ನೇ ಆಧರಿಸಿ ‘ಅಬೈಡ್ ವಿತ್ ಮಿ’ ಎಂಬ ಗೀತೆಯನ್ನು ರಚಿಸಿದರು. ಗಾಂಧೀಜಿಯವರಿಗೆ ಅದು ಅಚ್ಚುಮೆಚ್ಚಿನದಾಗಿತ್ತು. ಗಣರಾಜ್ಯೋತ್ಸವದ ಮುಕ್ತಾಯವಾಗಿ ಜನವರಿ 29ರ ಸೂರ್ಯಾಸ್ತದ ವೇಳೆಗೆ ದೆಹಲಿಯಲ್ಲಿ ನಡೆಯುವ ಸೇನಾ ವಾದ್ಯಗಳ ಸಮಾರಂಭದಲ್ಲಿ ಹಲವು ದಶಕಗಳ ಕಾಲ ಅದರ ರಾಗವನ್ನು ನುಡಿಸುತ್ತಿದ್ದರು. 2022ರಲ್ಲಿ ಅದನ್ನು ಕಾರ್ಯಕ್ರಮದಿಂದ ಕೈಬಿಡಲಾಯಿತು.

ಗುಹೆಯೊಳಗಿನ ದೀಪ

ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಎಗೇರಿಯಾ ಎಂಬ ಮಹಿಳೆ ಯುರೋಪಿನ ಪಶ್ಚಿಮದ ಅಂಚಿನಿಂದ ಜೆರುಸಲೇಮಿಗೆ ಯಾತ್ರೆ ಹೋದಳು. ತಾನು ಕಂಡದ್ದನ್ನೆಲ್ಲ ಊರಿನ ಸೋದರಿಯರಿಗಾಗಿ ಬರೆದಿಟ್ಟಳು. ಅವಳ ಬರಹದಲ್ಲಿ ಅಲ್ಲಿನ ಸಂಜೆಯ ಆರಾಧನೆಯ ವರ್ಣನೆಯಿದೆ. ಯೇಸುವಿನ ಸಮಾಧಿಯೆಂದು ನಂಬಲಾದ ಗುಹೆಯಲ್ಲಿ ಹಗಲಿರುಳೂ ಒಂದು ದೀಪ ಉರಿಯುತ್ತಿತ್ತು. ಸಂಜೆ ಜನರೆಲ್ಲ ಸೇರಿದಾಗ ಚರ್ಚಿನ ದೀಪಗಳನ್ನು ಹೊರಗಿನ ಬೆಂಕಿಯಿಂದ ಹೊತ್ತಿಸುತ್ತಿರಲಿಲ್ಲ. ಗುಹೆಯೊಳಗಿನ ಆ ದೀಪದಿಂದಲೇ ಬೆಳಕನ್ನು ತರುತ್ತಿದ್ದರು. ಸಾವಿನ ಮನೆಯಿಂದಲೇ ಬೆಳಕು ಬರಬೇಕೆಂಬುದು ಆ ಆಚರಣೆಯ ಅಂತರಾರ್ಥ.

ದೀಪ ಹಚ್ಚುವ ಹೊತ್ತಿನಲ್ಲಿ ಹಾಡುವ ಗ್ರೀಕ್ ಭಾಷೆಯ ಸ್ತುತಿಯೊಂದಿದೆ. ಅದರ ಹೆಸರು ‘ಫೋಸ್ ಹಿಲರೋನ್’. 379ರಲ್ಲಿ ತೀರಿಕೊಂಡನೆಂದು ಹೇಳಲಾಗುವ ಸಂತ ಬೆಸಿಲನು ತನ್ನ ಗ್ರಂಥವೊಂದರಲ್ಲಿ ಅದನ್ನು ಪ್ರಸ್ತಾಪಿಸಿ, ಅದು ಪೂರ್ವಿಕರಿಂದ ಬಂದದ್ದು, ಕರ್ತೃ ಯಾರೆಂದು ತನಗೆ ತಿಳಿಯದು ಎಂದಿದ್ದಾನೆ. ಅಂದರೆ ಅವನ ಕಾಲಕ್ಕೇ ಅದು ಹಳೆಯದಾಗಿತ್ತು. ಪೂರ್ವದೇಶದ ಸಭೆಗಳಲ್ಲಿ ಆ ಸ್ತುತಿಯನ್ನು ಇಂದಿಗೂ ಹಾಡುತ್ತಾರೆ.

ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ತನ್ನ ಮಠವಾಸಿಗಳಿಗಾಗಿ ನಿಯಮಗಳನ್ನು ಬರೆದನು. ರೋಮ್ ಸಾಮ್ರಾಜ್ಯ ಕುಸಿದುಬಿದ್ದ ಕಾಲವದು. ಬೆನೆಡಿಕ್ಟನ ನಿಯಮದಂತೆ ದಿನದ ಕೊನೆಯಲ್ಲಿ ಎರಡು ಪ್ರಾರ್ಥನೆಗಳು: ಬೆಳಕಿರುವಾಗಲೇ ವೆಸ್ಪರ್ಸ್, ಮಲಗುವ ಮುನ್ನ ಕಾಂಪ್ಲಿನ್. ಎರಡನೆಯದು ಮುಗಿದ ಮೇಲೆ ಯಾರೂ ಮಾತನಾಡಕೂಡದು, ಮಠದಲ್ಲೆಲ್ಲ ಮೌನ. ಸಿರಿಯನ್ ಸಂಪ್ರದಾಯದ ಕ್ರೈಸ್ತರು, ನಮ್ಮ ನೆರೆಯ ಕೇರಳದವರೂ ಸೇರಿ, ಸಂಜೆಯ ಪ್ರಾರ್ಥನೆಯನ್ನು ‘ರಂಶಾ’ ಎಂದು ಕರೆಯುತ್ತಾರೆ.

1549ರಲ್ಲಿ ಇಂಗ್ಲೆಂಡಿನ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ ಅವರು ಲ್ಯಾಟಿನ್ನಿನ ವೆಸ್ಪರ್ಸ್ ಮತ್ತು ಕಾಂಪ್ಲಿನ್‌ಗಳನ್ನು ಒಂದುಗೂಡಿಸಿ, ಸಾಮಾನ್ಯರಿಗೆ ತಿಳಿಯುವ ಇಂಗ್ಲಿಷಿನಲ್ಲಿ ಸಾಯಂಪ್ರಾರ್ಥನೆಯನ್ನು ಸಿದ್ಧಪಡಿಸಿದರು. ಅದರಲ್ಲಿ ಅಪಾಯಗಳಿಂದ ರಕ್ಷಣೆಯನ್ನು ಕೋರುವ ಕಿರುಪ್ರಾರ್ಥನೆಯೊಂದಿದೆ. ಅದರ ಲ್ಯಾಟಿನ್ ಮೂಲ ಅವರ ಕಾಲಕ್ಕೆ ಎಂಟುನೂರು ವರ್ಷಗಳಿಗಿಂತ ಹಳೆಯದು. ಅದರ ಕೋರಿಕೆ ಬಹಳ ಚಿಕ್ಕದು: ಕತ್ತಲೆಗೊಂದಿಷ್ಟು ಬೆಳಕು, ಈ ಒಂದು ರಾತ್ರಿಯ ಮಟ್ಟಿಗೆ ಕಾವಲು. ಆಯುಷ್ಯವಿಡೀ ಸುಖವನ್ನಾಗಲಿ, ಶತ್ರುನಾಶವನ್ನಾಗಲಿ ಅದು ಬೇಡುವುದಿಲ್ಲ. ಅದನ್ನು ಇಂಗ್ಲಿಷಿಗೆ ತಂದ ಕ್ರಾನ್ಮರ್ ಅವರನ್ನು 1556ರ ಮಾರ್ಚ್ 21ರಂದು ಆಕ್ಸ್‌ಫರ್ಡಿನಲ್ಲಿ ಜೀವಂತ ಸುಟ್ಟರು. ಆದರೆ ಆ ಕಿರುಪ್ರಾರ್ಥನೆ ಇಂದಿಗೂ ಇಂಗ್ಲೆಂಡಿನ ಚರ್ಚುಗಳಲ್ಲಿ ಸಂಜೆ ಕೇಳಿಬರುತ್ತದೆ.

ಬೇಡಿಕೆಯಲ್ಲಿನ ಈ ಮಿತಿಯೇ ಸಾಯಂಪ್ರಾರ್ಥನೆಯ ಲಕ್ಷಣವೆನ್ನಬಹುದು. ಕನ್ನಡಿಗರಿಗೆ ಇದರ ಪರಿಚಯ ಇನ್ನೊಂದು ದಾರಿಯಿಂದ ಆಗಿದೆ. 1833ರಲ್ಲಿ ಜಾನ್ ಹೆನ್ರಿ ನ್ಯೂಮನ್ ಎಂಬ ತರುಣ ಪಾದ್ರಿ ಸಿಸಿಲಿಯಲ್ಲಿ ಕಠಿನ ಜ್ವರದಿಂದ ಸಾವಿನ ಬಾಗಿಲಿಗೆ ಹೋಗಿ ಬಂದು, ಹಡಗಿನಲ್ಲಿ ಊರಿಗೆ ಮರಳುತ್ತಿದ್ದರು. ಕಾರ್ಸಿಕ ಮತ್ತು ಸಾರ್ಡಿನಿಯ ದ್ವೀಪಗಳ ನಡುವಣ ಜಲಸಂಧಿಯಲ್ಲಿ ಗಾಳಿಯಿಲ್ಲದೆ ಹಡಗು ನಿಂತುಬಿಟ್ಟಿತು. ಆ ಯಾನದಲ್ಲಿ ಅವರು ಬರೆದ ಗೀತೆಯನ್ನು ಬಿ. ಎಂ. ಶ್ರೀಕಂಠಯ್ಯನವರು ಕನ್ನಡಿಸಿ ತಮ್ಮ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಸೇರಿಸಿದರು. ಮತಭೇದವಿಲ್ಲದೆ ಕನ್ನಡಿಗರು ಅದನ್ನು ತಮ್ಮದಾಗಿಸಿಕೊಂಡಿದ್ದಾರೆ. ಮುಂದಿನ ದಾರಿಯನ್ನೆಲ್ಲ ತೋರಿಸೆಂದು ಆ ಗೀತೆಯೂ ಕೇಳುವುದಿಲ್ಲ. ಸದ್ಯಕ್ಕೆ ಬೇಕಾದಷ್ಟು ಬೆಳಕು ಸಿಕ್ಕರೆ ಅದಕ್ಕೆ ತೃಪ್ತಿ.

ಯುದ್ಧದ ನಾಡಿನ ಜೋಗುಳ

1618ರಿಂದ 1648ರವರೆಗೆ ಜರ್ಮನ್ ನಾಡುಗಳನ್ನು ಮೂವತ್ತು ವರ್ಷಗಳ ಯುದ್ಧ ಸುಟ್ಟು ಬೂದಿಮಾಡಿತು. ಕತ್ತಿಗೆ ಸಿಕ್ಕದವರನ್ನು ಕ್ಷಾಮವೂ ಪ್ಲೇಗೂ ಸೆಳೆದುಕೊಂಡವು. ಪಾಲ್ ಗೆರ್ಹಾರ್ಟ್ ಎಂಬ ಕವಿಪಾದ್ರಿಗೆ ಯುದ್ಧ ಮೊದಲಾದಾಗ ಹನ್ನೊಂದು ವರ್ಷ. ಅವರ ಹುಟ್ಟೂರನ್ನು 1637ರಲ್ಲಿ ಸ್ವೀಡನ್ನಿನ ಪಡೆ ಸುಟ್ಟುಹಾಕಿತು. ಯುದ್ಧವಿನ್ನೂ ಮುಗಿಯದಿದ್ದ 1647ರಲ್ಲಿ ಅವರ ಸಂಜೆಯ ಗೀತೆಯೊಂದು ಪ್ರಕಟವಾಯಿತು. ಕಾಡು, ಪ್ರಾಣಿ, ಊರು, ಹೊಲ ಎಲ್ಲವೂ ವಿಶ್ರಮಿಸುತ್ತಿರುವ ಚಿತ್ರದಿಂದ ಅದು ಮೊದಲಾಗುತ್ತದೆ. ಕೋಳಿ ತನ್ನ ಮರಿಯನ್ನು ರೆಕ್ಕೆಯಡಿ ಸೇರಿಸಿಕೊಳ್ಳುವಂತೆ ಯೇಸು ತನ್ನನ್ನು ಸೇರಿಸಿಕೊಳ್ಳಲೆಂಬ ಕೋರಿಕೆ ಅದರಲ್ಲಿದೆ. ಮುಂದೆ ಜರ್ಮನ್ ತಾಯಂದಿರು ಮಕ್ಕಳನ್ನು ಮಲಗಿಸುವಾಗ ಆ ನುಡಿಯನ್ನೇ ಹೇಳಿಕೊಟ್ಟರು.

ಗೆರ್ಹಾರ್ಟ್ ಅವರ ಮುಂದಿನ ಬಾಳೂ ಸುಖದ್ದಾಗಿರಲಿಲ್ಲ. ಐವರು ಮಕ್ಕಳಲ್ಲಿ ಉಳಿದದ್ದು ಒಬ್ಬನೇ. 1668ರಲ್ಲಿ ಪತ್ನಿಯೂ ತೀರಿಕೊಂಡರು. ಆದರೂ ಆ ಗೀತೆ ಮನೆಯಿಂದ ಮನೆಗೆ, ತಲೆಮಾರಿನಿಂದ ತಲೆಮಾರಿಗೆ ಹರಿಯಿತು. ಸುಮಾರು ಮುನ್ನೂರು ವರ್ಷಗಳ ಬಳಿಕ ಬರ್ಲಿನ್ನಿನ ಸೆರೆಮನೆಯಲ್ಲಿದ್ದ ಒಬ್ಬರಿಗೆ ಗೆರ್ಹಾರ್ಟ್ ಅವರ ಹಾಡುಗಳು ಊರುಗೋಲಾದವು.

ಟೇಗಲ್ ಸೆರೆಮನೆಯಲ್ಲಿ

ಅವರು ಡೀಟ್ರಿಕ್ ಬಾನ್‌ಹೋಫರ್. 1906ರಲ್ಲಿ ಹುಟ್ಟಿದ ಲೂಥರನ್ ಪಾದ್ರಿ. ಹಿಟ್ಲರನ ಆಳ್ವಿಕೆಯನ್ನು ಮೊದಲಿನಿಂದಲೂ ವಿರೋಧಿಸಿದವರು. 1939ರಲ್ಲಿ ನ್ಯೂಯಾರ್ಕಿಗೆ ಹೋಗಿ ಸುರಕ್ಷಿತರಾಗಿದ್ದರೂ, ಸ್ವದೇಶದ ಜನರ ಕಷ್ಟದಲ್ಲಿ ಭಾಗಿಯಾಗಬೇಕೆಂದು ಕೆಲವೇ ವಾರಗಳಲ್ಲಿ ಹಿಂತಿರುಗಿದರು. 1943ರ ಏಪ್ರಿಲ್ 5ರಂದು ಅವರನ್ನು ಬಂಧಿಸಿ ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿ ಇಟ್ಟರು.

ಸೆರೆಗೆ ಬರುವ ಮುನ್ನವೇ ಅವರು ಸಾಯಂಪ್ರಾರ್ಥನೆಯ ವಿಷಯವಾಗಿ ಆಳವಾಗಿ ಯೋಚಿಸಿದ್ದರು. 1939ರಲ್ಲಿ ಪ್ರಕಟವಾದ, ಕೂಡುಬಾಳನ್ನು ಕುರಿತ ಅವರ ಪುಸ್ತಕದಲ್ಲಿ ಹಳೆಯ ಮಠಗಳ ಪದ್ಧತಿಯೊಂದನ್ನು ನೆನೆದಿದ್ದಾರೆ. ಸಂಜೆಯ ಆರಾಧನೆಯಲ್ಲಿ ಮಠಾಧಿಪತಿಯೇ ಮೊದಲು, ಆ ದಿನ ತನ್ನಿಂದಾದ ತಪ್ಪುಗಳಿಗಾಗಿ ಸಹೋದರರ ಕ್ಷಮೆ ಬೇಡುವನು. ಸಹೋದರರು ಕ್ಷಮಿಸಿ, ತಾವೂ ಅವನ ಕ್ಷಮೆ ಬೇಡುವರು. ಹಗಲಿನಲ್ಲಿ ಆದ ಗಾಯ ರಾತ್ರಿಗೆ ದಾಟಬಾರದು, ಮುನಿಸಿಟ್ಟುಕೊಂಡು ಯಾರೂ ಮಲಗಬಾರದು ಎಂಬುದು ಇದರ ತಾತ್ಪರ್ಯ. ಸಂಸಾರದಲ್ಲಿರುವ ನಮಗೆ ಈ ನಿಯಮದ ಬೆಲೆಯೂ ತಿಳಿದಿದೆ, ಅದನ್ನು ಪಾಲಿಸುವ ಕಷ್ಟವೂ ತಿಳಿದಿದೆ.

1943ರ ನವೆಂಬರಿನಿಂದ ಬರ್ಲಿನ್ನಿನ ಮೇಲೆ ಬಾಂಬುಗಳ ಸುರಿಮಳೆಯಾಯಿತು. ಟೇಗಲ್ಲಿನ ಕೈದಿಗಳು ತಪ್ಪಿಸಿಕೊಳ್ಳುವ ದಾರಿಯಿಲ್ಲದೆ ಬೀಗ ಹಾಕಿದ ಕೋಣೆಗಳಲ್ಲಿ ನಡುಗುತ್ತಿದ್ದರು. ಆ ವರ್ಷದ ಕ್ರಿಸ್‌ಮಸ್‌ಗೆ ಬಾನ್‌ಹೋಫರ್ ಅವರು ಸಹಕೈದಿಗಳಿಗಾಗಿ ಮೂರು ಪ್ರಾರ್ಥನೆಗಳನ್ನು ಬರೆದರು: ಒಂದು ಬೆಳಗಿಗೆ, ಒಂದು ಸಂಜೆಗೆ, ಮತ್ತೊಂದು ವಿಶೇಷ ಸಂಕಟದ ಸಮಯಕ್ಕೆ. ಸಂಜೆಯ ಪ್ರಾರ್ಥನೆ ತೀರ ಸರಳವಾದದ್ದು. ಮುಗಿದ ದಿನಕ್ಕಾಗಿ ಕೃತಜ್ಞತೆ. ತನ್ನ ಅಲ್ಪವಿಶ್ವಾಸಕ್ಕೆ ಕ್ಷಮಾಯಾಚನೆ. ತನಗೆ ಅನ್ಯಾಯ ಮಾಡಿದವರನ್ನು ಮನಸಾರೆ ಕ್ಷಮಿಸುವ ಶಕ್ತಿಗಾಗಿ ಬೇಡಿಕೆ. ಕೊನೆಗೆ ತನ್ನವರನ್ನೂ, ತಾನಿರುವ ಆ ಮನೆಯನ್ನೂ, ತನ್ನ ದೇಹಾತ್ಮಗಳನ್ನೂ ದೇವರ ಕೈಗೆ ಒಪ್ಪಿಸುವುದು.

ಇಲ್ಲಿ ‘ಆ ಮನೆ’ ಎಂದರೆ ಸೆರೆಮನೆ! ಅದರೊಳಗೆ ಕೈದಿಗಳಲ್ಲದೆ ಕಾವಲುಗಾರರೂ ಇದ್ದರು. ಬೀಗ ಹಾಕುವವರೂ, ಬೈಯುವವರೂ ಇದ್ದರು. ಸಂಜೆಯ ಪ್ರಾರ್ಥನೆಯಲ್ಲಿ ಅವರನ್ನೂ ಸೇರಿಸಿಕೊಳ್ಳಬೇಕಾಯಿತು. ಇಂಥ ಮಾತುಗಳು ಪ್ರಾರ್ಥಿಸುವವನ ಸ್ಥಿತಿಯನ್ನು ಬದಲಿಸದಿರಬಹುದು. ದ್ವೇಷಕ್ಕೆ ಮಾತ್ರ ರಾತ್ರಿಯ ಮಟ್ಟಿಗಾದರೂ ಬಾಗಿಲು ಮುಚ್ಚುತ್ತವೆ.

1944ರ ಡಿಸೆಂಬರಿನಲ್ಲಿ, ಗೆಸ್ಟಾಪೋ ಪೊಲೀಸರ ನೆಲಮಾಳಿಗೆಯಿಂದ ತಮ್ಮ ಭಾವೀ ಪತ್ನಿಗೆ ಬರೆದ ಪತ್ರದೊಂದಿಗೆ ಬಾನ್‌ಹೋಫರ್ ಅವರು ಒಂದು ಕವಿತೆಯನ್ನು ಕಳುಹಿಸಿದರು. ಇಂದು ಜರ್ಮನ್ ಚರ್ಚುಗಳಲ್ಲಿ ಅದು ಪ್ರಸಿದ್ಧವಾದ ಹಾಡು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಅಮೆರಿಕದ ಸೈನ್ಯ ಆ ಶಿಬಿರವನ್ನು ತಲಪಿದ್ದು ಏಪ್ರಿಲ್ 23ರಂದು. ಕೇವಲ ಎರಡು ವಾರಗಳ ತರುವಾಯ.

ಪ್ರಾರ್ಥನೆ ಫಲಿಸಲಿಲ್ಲವೆಂದು ಯಾರಾದರೂ ಹೇಳಿದರೆ, ಆ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅವರು ಸಂಜೆಯ ಪ್ರಾರ್ಥನೆಯಲ್ಲಿ ಪ್ರಾಣಭಿಕ್ಷೆಯನ್ನು ಬೇಡಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ನೆಮ್ಮದಿಯ ನಿದ್ರೆಯನ್ನು ಬೇಡಿದ್ದರು, ಕ್ಷಮಿಸುವ ಮನಸ್ಸನ್ನು ಬೇಡಿದ್ದರು.

ಕರಾವಳಿಯ ಮನೆಗಳಲ್ಲಿ

ಇಷ್ಟು ದೂರ ಹೋಗದೆ, ನಮ್ಮ ಮಂಗಳೂರು ಸೀಮೆಯಲ್ಲೇ ಈ ಸಂಪ್ರದಾಯದ ಬೇರೊಂದು ಕವಲನ್ನು ಕಾಣಬಹುದು. ಕೊಂಕಣಿ ನುಡಿಯುವ ಕ್ಯಾಥೊಲಿಕ್ ಮನೆಗಳಲ್ಲಿ ಸಂಜೆಯ ಗಂಟೆಗೆ ‘ಆಮೊರಿ’ ಎಂದು ಹೆಸರು. ಗಂಟೆ ಕೇಳಿದೊಡನೆ ಕೈಗೆಲಸ ನಿಲ್ಲಿಸಿ ಪ್ರಾರ್ಥಿಸುವುದು ಹಿರಿಯರ ಪದ್ಧತಿ. ಅನಂತರ ಮನೆಮಂದಿಯೆಲ್ಲ ಸೇರಿ ಜಪಮಾಲೆ ಹಿಡಿದು ‘ತೇರ್ಸ್’ ಹೇಳುತ್ತಾರೆ. ಮೂರರಲ್ಲೊಂದು ಭಾಗವೆಂಬ ಅರ್ಥದ ಪೋರ್ಚುಗೀಸ್ ಮಾತಿನಿಂದ ಬಂದ ಹೆಸರಿದು. ಬೈಬಲಿನಲ್ಲಿರುವುದು 150 ಕೀರ್ತನೆಗಳು. ಅವುಗಳನ್ನು ಓದಲಾರದ ಜನರಿಗಾಗಿ 150 ಮರಿಯಸ್ತುತಿಗಳ ಪೂರ್ಣ ಜಪಮಾಲೆ ಬಳಕೆಗೆ ಬಂತು. ಅದರ ಮೂರನೆಯ ಒಂದು ಪಾಲು, ಅಂದರೆ ಐವತ್ತು, ಸಂಜೆಯ ತೇರ್ಸಿನಲ್ಲಿ. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಹಿರಿಯರ ಬಳಿಗೆ ಹೋಗಿ ‘ಬೆಸಾಂವ್’, ಅಂದರೆ ಆಶೀರ್ವಾದ, ಬೇಡುತ್ತಾರೆ. ಅಜ್ಜಿಯಿಂದ ಮೊದಲುಗೊಂಡು ಒಬ್ಬೊಬ್ಬರ ಮುಂದೆಯೂ ಕೈಜೋಡಿಸಬೇಕಾದುದರಿಂದ, ಹಗಲಿನ ಜಗಳವೇನಾದರೂ ಉಳಿದಿದ್ದರೆ ಅದು ಅಲ್ಲಿಗೆ ಕರಗಲೇಬೇಕು.

ಈ ಸಮುದಾಯವೂ ಕಷ್ಟಕಾಲವನ್ನು ಕಂಡಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ಕರೆದೊಯ್ಯಲಾಯಿತು. ಬದುಕಿ ಉಳಿದವರಲ್ಲಿ ಅನೇಕರು ಊರಿಗೆ ಮರಳಿದ್ದು 1799ರ ಬಳಿಕ. ಪಾದ್ರಿಗಳನ್ನು ಅದಕ್ಕೆ ಮೊದಲೇ ಗಡೀಪಾರು ಮಾಡಲಾಗಿತ್ತು; ಇಗರ್ಜಿಗಳನ್ನು ಕೆಡವಲಾಗಿತ್ತು. ಬಲಿಪೂಜೆಗೆ ಗುರು ಬೇಕು, ಪೀಠ ಬೇಕು. ಜಪಮಾಲೆಗೆ ಅದೊಂದೂ ಬೇಡ; ಬಾಯಿಪಾಠವಾದ ಮಾತು, ಎಣಿಸಲು ಹತ್ತು ಬೆರಳು, ಜೊತೆಗೆ ಇನ್ನೊಬ್ಬರಿದ್ದರೆ ಸಾಕು. ಮಂದಿರವಿಲ್ಲದಾಗ ಮನೆಯೇ ಮಂದಿರವಾಗಲು ಸಾಯಂಪ್ರಾರ್ಥನೆಯ ಈ ಸರಳತೆ ಎಡೆಮಾಡಿಕೊಡುತ್ತದೆ.

ಬರಿದಾದ ಚೌಕ

ಮನೆಯೇ ಮಂದಿರವಾಗಬೇಕಾದ ಕಾಲ ನಮ್ಮ ಕಣ್ಣೆದುರಿಗೂ ಬಂತು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿ ಲೋಕವನ್ನೆಲ್ಲ ಆವರಿಸಿತು. ಭಾರತದಲ್ಲಿ 25ನೆಯ ತಾರೀಖಿನಿಂದ ಲಾಕ್‌ಡೌನ್. ಚರ್ಚುಗಳು ಮುಚ್ಚಿದವು, ಏಪ್ರಿಲ್ 12ರ ಈಸ್ಟರ್ ಹಬ್ಬವನ್ನು ಕ್ರೈಸ್ತರು ತಂತಮ್ಮ ಮನೆಗಳಲ್ಲೇ ಆಚರಿಸಿದರು.

ಅದಕ್ಕೆ ಎರಡು ವಾರ ಮುಂಚೆ, ಮಾರ್ಚ್ 27ರ ಸಂಜೆ, ಆಗಿನ ಪೋಪ್ ಫ್ರಾನ್ಸಿಸ್ ಅವರು ರೋಮಿನ ಸಂತ ಪೇತ್ರನ ಚೌಕದಲ್ಲಿ ಪ್ರಾರ್ಥನೆಗೆ ನಿಂತರು. ಜನಸಾಗರವನ್ನು ಕಾಣುತ್ತಿದ್ದ ಚೌಕ ಅಂದು ಬರಿದು, ಮಳೆ ಸುರಿಯುತ್ತಿತ್ತು. ಹಿನ್ನೆಲೆಯಲ್ಲಿ ಮರದ ಹಳೆಯದೊಂದು ಶಿಲುಬೆ. 1519ರಲ್ಲಿ ಸಂತ ಮಾರ್ಚೆಲ್ಲೋ ಚರ್ಚು ಸುಟ್ಟುಹೋದಾಗ ಬೆಂಕಿಯಲ್ಲಿ ಉಳಿದುಕೊಂಡದ್ದು, 1522ರ ಪ್ಲೇಗಿನ ವೇಳೆ ರೋಮಿನ ಬೀದಿಗಳಲ್ಲಿ ಮೆರವಣಿಗೆಯಾದದ್ದು, ಆ ಶಿಲುಬೆಯೇ. ಅಂದಿನ ಪಠಣಕ್ಕೆ ಅವರು ಆರಿಸಿಕೊಂಡದ್ದು ಮಾರ್ಕನ ಸುವಾರ್ತೆಯ ಬಿರುಗಾಳಿಯ ಪ್ರಸಂಗ. ಅದು ಮೊದಲಾಗುವುದೇ ಸಂಜೆಯಾದುದನ್ನು ಹೇಳುವ ಮಾತಿನಿಂದ. ಎಲ್ಲರೂ ಒಂದೇ ದೋಣಿಯಲ್ಲಿದ್ದೇವೆಂಬುದು ಅವರ ಉಪದೇಶದ ಸಾರ.

ಅದೇ ದಿನಗಳಲ್ಲಿ ಜರ್ಮನಿಯ ಪ್ರಾಟೆಸ್ಟೆಂಟ್ ಸಭೆ ಜನರಿಗೊಂದು ಕರೆ ಕೊಟ್ಟಿತು: ಪ್ರತಿ ಸಂಜೆ ಏಳು ಗಂಟೆಗೆ ಕಿಟಕಿಗಳ ಬಳಿ, ಉಪ್ಪರಿಗೆಗಳ ಮೇಲೆ ನಿಂತು ಒಂದು ಹಾಡನ್ನು ಹಾಡಿರಿ. ಅದು ಮಾಥಿಯಾಸ್ ಕ್ಲಾಡಿಯಸ್ ಎಂಬ ಕವಿ 1779ರಲ್ಲಿ ಪ್ರಕಟಿಸಿದ ಚಂದ್ರೋದಯದ ಸಂಜೆಗೀತೆ. ಗೆರ್ಹಾರ್ಟ್ ಅವರ ಗೀತೆಯ ಧಾಟಿಯಲ್ಲೇ ರಚಿತವಾದದ್ದು. ನಮಗೆ ನೆಮ್ಮದಿಯ ನಿದ್ರೆಯನ್ನು ಕೊಡು ಎಂದು ಬೇಡುತ್ತ ಬಂದ ಆ ಹಾಡು, ಕಟ್ಟಕಡೆಗೆ, ನೆರೆಮನೆಯ ರೋಗಿಯನ್ನೂ ನೆನೆಯುತ್ತದೆ. ಗೋಡೆಯಾಚೆ ಯಾರು ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದ ಆ ದಿನಗಳಲ್ಲಿ, ಭಯಕ್ಕೆ ಕಾರಣನಾದ ನೆರೆಯವನೇ ಪ್ರಾರ್ಥನೆಯ ಕೊನೆಯ ಮಾತಾದನು.

2023ರ ಅಕ್ಟೋಬರಿನಲ್ಲಿ ಗಾಜಾದ ಯುದ್ಧ ಮೊದಲಾದ ಮೇಲೆ, ಅಲ್ಲಿನ ಪುಟ್ಟ ಕ್ಯಾಥೊಲಿಕ್ ಚರ್ಚಿನ ಆವರಣದಲ್ಲಿ ಆಶ್ರಯ ಪಡೆದಿದ್ದ ಕುಟುಂಬಗಳಿಗೆ ಪೋಪ್ ಫ್ರಾನ್ಸಿಸ್ ಅವರಿಂದ ಹೆಚ್ಚುಕಡಿಮೆ ಪ್ರತಿ ಸಂಜೆಯೂ ದೂರವಾಣಿ ಕರೆ ಬರುತ್ತಿತ್ತು. ಹೇಗಿದ್ದೀರಿ, ಏನು ಊಟಮಾಡಿದಿರಿ ಎಂಬಂಥ ನಾಲ್ಕು ಮಾತು, ಒಂದು ಆಶೀರ್ವಾದ. ತಾವು ಆಸ್ಪತ್ರೆ ಸೇರಿದಾಗಲೂ ಅವರು ಇದನ್ನು ಪೂರ್ತಿ ನಿಲ್ಲಿಸಲಿಲ್ಲ. 2025ರ ಏಪ್ರಿಲ್ 21ರಂದು ಅವರು ತೀರಿಕೊಂಡಾಗ ಗಾಜಾದ ಆ ಜನರು ಕಳೆದುಕೊಂಡದ್ದು ಒಬ್ಬ ಜಗದ್ಗುರುವನ್ನು ಮಾತ್ರವಲ್ಲ, ಸಂಜೆಯಾದೊಡನೆ ತಮ್ಮನ್ನು ವಿಚಾರಿಸಿಕೊಳ್ಳುತ್ತಿದ್ದ ಒಂದು ದನಿಯನ್ನು. ಆ ಕರೆಯನ್ನೂ ಸಾಯಂಪ್ರಾರ್ಥನೆಯೆಂದೇ ಎಣಿಸಿದರೆ ತಪ್ಪಾಗಲಾರದು.

ಎಮ್ಮಾಹುವಿನ ಅತಿಥಿ, ಮಠದಲ್ಲಿ ಮುನಿಸಿಕೊಂಡ ಸಹೋದರ, ಟೇಗಲ್ಲಿನ ಕಾವಲುಗಾರ, ನೆರೆಮನೆಯ ರೋಗಿ, ಸಂಜೆಯ ಈ ಪ್ರಾರ್ಥನೆಗಳೊಳಗೆ ಒಬ್ಬರಾದಮೇಲೊಬ್ಬರು ಹೀಗೆ ಬಂದು ಸೇರಿದ್ದಾರೆ. ತನ್ನ ಕಷ್ಟದಿಂದಲೇ ಮೊದಲುಮಾಡಿದವನು ಮುಗಿಸುವ ಹೊತ್ತಿಗೆ ಇನ್ನೊಬ್ಬರ ಹೆಸರನ್ನು ಹೇಳುತ್ತಾನೆ. ಯುದ್ಧವೂ ರೋಗವೂ ಮೊದಲು ಮಾಡುವ ಕೆಲಸ ಮನುಷ್ಯನನ್ನು ಒಂಟಿಯಾಗಿಸಿ, ತನ್ನ ಪ್ರಾಣವೊಂದನ್ನೇ ನೋಡಿಕೊಳ್ಳುವಂತೆ ಮಾಡುವುದು. ಸಂಜೆಯ ಪ್ರಾರ್ಥನೆ ಅದನ್ನು ಒಪ್ಪುವುದಿಲ್ಲ. ಇರುಳು ಅದರಿಂದ ಮೊಟಕಾಗದು. ಇರುಳನ್ನು ಒಬ್ಬನೇ ಕಳೆಯಬೇಕಾದ ಗತಿ ಮಾತ್ರ ತಪ್ಪುತ್ತದೆ.